74 ಡಾಲರಿನ ಕ್ರೂಡು ಮತ್ತು ಅಪ್ಪನ ಗೇರುಬೀಜ

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಟ್ರೇಡಿಂಗ್ ವಿಭಾಗದ ಹುಡುಗ ನನ್ನ ಮೇಜಿನ ಪಕ್ಕ ನಿಂತಿದ್ದ. "ಮೇಡಂ, ಒಂದು ಕಾರ್ಗೋ ಇದೆ. 10 ಲಕ್ಷ ಬ್ಯಾರಲ್, ಹೆವಿ ಸಾವರ್. ನಮ್ಮ ಬಂದರಿಗೆ ತಲುಪಿಸಿ 74. ನಾಲ್ಕು ಗಂಟೆಯೊಳಗೆ ಹೇಳಬೇಕಂತೆ." ಕ್ರೂಡು ಅಂದರೆ ಕಚ್ಚಾ ತೈಲ; ಹೆವಿ ಸಾವರ್ ಅಂದರೆ ಅದರಲ್ಲಿ ಗಂಧಕ ಹೆಚ್ಚಿರುವ ಭಾರದ ಮಾಲು; 74 ಅಂದರೆ ಬ್ಯಾರಲ್ಲಿಗೆ ಅಷ್ಟು ಡಾಲರ್. ಆ ತಿಂಗಳು ನಾವು ತರಿಸುತ್ತಿದ್ದ ಹಗುರ ಕ್ರೂಡು ನಮಗೆ 80ಕ್ಕೆ ಬೀಳುತ್ತಿತ್ತು. ಬ್ಯಾರಲ್ಲಿಗೆ 6 ಡಾಲರ್ ಕಡಿಮೆ ಅಂದರೆ ಆ ಒಂದು ಹಡಗಿಗೆ 60 ಲಕ್ಷ ಡಾಲರ್. ಅವನ ಮುಖ ನೋಡಿದರೆ ಆ ಲೆಕ್ಕ ಆಗಲೇ ಮುಗಿದಿತ್ತು.

ಪಶ್ಚಿಮ ಕರಾವಳಿಯ ಒಂದು ರಿಫೈನರಿಯ ಪ್ಲಾನಿಂಗ್ ವಿಭಾಗದಲ್ಲಿ ನಾನು 24 ವರ್ಷ ಇದ್ದೆ. ನಿವೃತ್ತಿಯಾದರೂ ಕೆಲವು ಅಂಕಿಗಳು ಕಚೇರಿಯವೇ, ಹೊರಗೆ ಹೇಳುವಂಥವಲ್ಲ. ಹಾಗಾಗಿ ಇಲ್ಲಿ ಬರೆದ ಬೆಲೆ, ಪ್ರಮಾಣಗಳೆಲ್ಲ ದುಂಡು ಮಾಡಿದವು. ಲೆಕ್ಕ ನಡೆದ ದಾರಿ ಮಾತ್ರ ಅವತ್ತಿನದೇ. ಯಾವ ಕ್ರೂಡು ತರಬೇಕು, ಎಷ್ಟು ತರಬೇಕು, ಎಷ್ಟರವರೆಗೆ ಕೊಡಬಹುದು ಎಂದು ಹೇಳುವುದೇ ನನ್ನ ಕೆಲಸವಾಗಿತ್ತು. ರಿಫೈನರಿ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ತೊಂಬತ್ತರ ಆಸುಪಾಸು ಕ್ರೂಡಿಗೇ ಹೋಗುತ್ತದೆ. ಉಳಿದ ಹತ್ತರಲ್ಲಿ ಸಂಬಳ, ಕರೆಂಟು, ರಾಸಾಯನಿಕ, ರಿಪೇರಿ ಎಲ್ಲ ಮುಗಿಯಬೇಕು. ಸ್ಥಾವರ ನಡೆಸುವವರು ವರ್ಷವಿಡೀ ಉಗಿ ಉಳಿಸಿ, ಇಂಧನ ಉಳಿಸಿ ಗಳಿಸಿದ್ದನ್ನು ಒಂದು ತಪ್ಪು ಕಾರ್ಗೋ ತಿಂದುಹಾಕಬಲ್ಲದು.

ಈ ಕೆಲಸದ ಮೊದಲ ಪಾಠ ನನಗೆ ಕಾಲೇಜಿನಲ್ಲಿ ಸಿಕ್ಕಿದ್ದಲ್ಲ. ನನ್ನ ಅಪ್ಪ ಮಂಗಳೂರಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೀಜ ನೋಡುವ ಕೆಲಸ ಮಾಡಿದವರು. ಊರಿನ ಬೀಜ ಕಾರ್ಖಾನೆಗೆ ಸಾಲುವುದಿಲ್ಲ. ತಾಂಜಾನಿಯಾ, ಐವರಿ ಕೋಸ್ಟ್, ಗಿನಿ-ಬಿಸಾವುಗಳಿಂದ ಗೋಣಿಚೀಲದಲ್ಲಿ ಬರುತ್ತಿತ್ತು. ಅಪ್ಪ ಅಲ್ಲೊಂದು ಇಲ್ಲೊಂದು ಚೀಲದಿಂದ ಬೀಜ ತೆಗೆದು ಒಂದು ಕಿಲೋ ತೂಗಿ, ಒಂದೊಂದನ್ನೂ ಎರಡು ಹೋಳು ಮಾಡಿ ನೋಡುತ್ತಿದ್ದರು. ಒಳ್ಳೆಯದು, ಚುಕ್ಕೆ ಬಿದ್ದದ್ದು, ಸುರುಟಿದ್ದು, ಕೊಳೆತದ್ದು ಎಂದು ಬೇರೆ ಬೇರೆ ಗುಡ್ಡೆ. ಕೊನೆಗೆ ತಿರುಳು ತೂಗಿ, 80 ಕಿಲೋ ಚೀಲಕ್ಕೆ ಎಷ್ಟು ಪೌಂಡು ತಿರುಳು ಬೀಳುತ್ತದೆ ಎಂದು ಹೇಳುತ್ತಿದ್ದರು. ಅದಕ್ಕೆ ಔಟ್‌ಟರ್ನ್ ಅನ್ನುತ್ತಾರೆ. 46ರ ಮಾಲು, 52ರ ಮಾಲು ಎಂದೇ ಮಾತು. "ಬೀಜದ ರೇಟು ಕೇಳ್ಬೇಡ ಮಗಾ, ತಿರುಳಿನ ರೇಟು ಕೇಳು" ಅನ್ನುತ್ತಿದ್ದರು.

ಅವರು ಇನ್ನೊಂದು ಮಾತು ಹೇಳುತ್ತಿದ್ದರು, ಅದು ನನಗೆ ಅರ್ಥವಾದದ್ದು ತುಂಬಾ ತಡವಾಗಿ. "ಈ ಬೀಜ ನಮ್ಮಲ್ಲಿ ಇಡೀ ಬರ್ತದೆ. ಆಚೆಯವರಲ್ಲಿ ತುಂಡಾಗ್ತದೆ. ಅವರಿಗೆ ನಮ್ಮಷ್ಟು ರೇಟು ಕೊಡ್ಲಿಕ್ಕೆ ಆಗುದಿಲ್ಲ." ಅಂದರೆ ಒಂದೇ ಚೀಲಕ್ಕೆ ಎರಡು ಕಾರ್ಖಾನೆಯಲ್ಲಿ ಎರಡು ಬೆಲೆ. ಸಿಪ್ಪೆ ಸುಲಿಯುವ ಹೆಂಗಸರ ಕೈಚಳಕ, ಬೀಜ ಬೇಯಿಸುವ ಹದ, ಒಣಗಿಸುವ ಕೋಣೆ ಇವೆಲ್ಲ ಸೇರಿ ಆ ಬೆಲೆ ಹುಟ್ಟುತ್ತಿತ್ತು.

ಕ್ರೂಡೂ ಅಷ್ಟೇ. ಪ್ರತಿ ಕ್ರೂಡಿಗೂ ಅಸ್ಸೇ ಎಂಬ ಜಾತಕ ಇರುತ್ತದೆ. ಎಷ್ಟು ಉಷ್ಣತೆಯಲ್ಲಿ ಎಷ್ಟು ಆವಿಯಾಗುತ್ತದೆ, ಗಂಧಕ ಎಷ್ಟು, ಆಮ್ಲ ಎಷ್ಟು, ನಿಕ್ಕಲ್, ವೆನೇಡಿಯಂ ಎಷ್ಟು ಎಂದು ಪುಟಗಟ್ಟಲೆ. ಮೊದಲು ಕಣ್ಣಿಗೆ ಬೀಳುವುದು ಎಪಿಐ ಎಂಬ ಅಳತೆ. ನೀರಿಗೆ ಅದು 10; ಅಂಕಿ ಹೆಚ್ಚಾದಷ್ಟೂ ಎಣ್ಣೆ ಹಗುರ. ನಮ್ಮ ಬಾಂಬೆ ಹೈ ಕ್ರೂಡು 39ರ ಆಸುಪಾಸು, ಗಂಧಕ ನೂರಕ್ಕೆ 0.2ರಷ್ಟೂ ಇಲ್ಲದ ಸ್ವೀಟ್ ಮಾಲು. ಸೌದಿಯ ಅರಬ್ ಲೈಟ್ 33ರ ಹತ್ತಿರ, ಗಂಧಕ ಸುಮಾರು 2. ಇರಾಕಿನ ಬಸ್ರಾ ಹೆವಿ 24ರ ಸುತ್ತಮುತ್ತ, ಗಂಧಕ ಸುಮಾರು 4. ಗಂಧಕ ಹೆಚ್ಚಿದ್ದರೆ ಸಾವರ್. 2020ರ ಏಪ್ರಿಲ್ 1ರಿಂದ ನಮ್ಮ ಬಂಕುಗಳ ಪೆಟ್ರೋಲು, ಡೀಸೆಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮಾತ್ರ ಗಂಧಕ ಇರಬಹುದು. ಬಸ್ರಾ ಹೆವಿಯಿಂದ ಹೊರಟು ಅಲ್ಲಿಗೆ ಮುಟ್ಟಬೇಕಾದರೆ ಎಷ್ಟು ಹೈಡ್ರೋಜನ್ ಖರ್ಚು ಮಾಡಬೇಕು, ಗಂಧಕ ತೆಗೆಯುವ ಘಟಕದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದೆಲ್ಲ ಕ್ರೂಡಿನ ಬೆಲೆಯ ಲೆಕ್ಕದೊಳಗೇ ಬರಬೇಕು.

ಈಗ ಆ ಶುಕ್ರವಾರದ ಎರಡು ಕ್ರೂಡುಗಳನ್ನೇ ನೋಡೋಣ. 80 ಡಾಲರಿನ ಹಗುರ ಕ್ರೂಡಿನ ನೂರು ಬ್ಯಾರಲ್ಲಿನಲ್ಲಿ ಗ್ಯಾಸು ಮತ್ತು ನಾಫ್ತಾ ಎಂಬ ಹಗುರ ಎಣ್ಣೆ ಸೇರಿ 10, ಪೆಟ್ರೋಲು 20, ಸೀಮೆಎಣ್ಣೆ-ಡೀಸೆಲು ಸೇರಿ 45, ತಳದಲ್ಲಿ ಉಳಿಯುವ ಕಪ್ಪು ಮಂದ ಎಣ್ಣೆ 22, ನಮ್ಮದೇ ಇಂಧನಕ್ಕೆ ಹೋಗುವುದು 3. 74 ಡಾಲರಿನ ಭಾರದ ಕ್ರೂಡಿನಲ್ಲಿ ಇವೇ ಕ್ರಮವಾಗಿ 7, 13, 34, 42, 4. ಆ ತಿಂಗಳು ಬ್ಯಾರಲ್ಲಿಗೆ ನಾಫ್ತಾ 68, ಪೆಟ್ರೋಲು 90, ಡೀಸೆಲು 98, ತಳದ ಎಣ್ಣೆಯನ್ನು ಫ್ಯುಯಲ್ ಆಯಿಲ್ ಎಂದು ಮಾರಿದರೆ 62 ಎಂದುಕೊಳ್ಳಿ. ಬರೀ ಬಟ್ಟಿ ಇಳಿಸಿ ಮಾರುವ ಸರಳ ರಿಫೈನರಿಗೆ ಹಗುರ ಕ್ರೂಡಿನ ಒಂದು ಬ್ಯಾರಲ್ಲಿನಿಂದ 82.54 ಡಾಲರ್ ಹುಟ್ಟುತ್ತದೆ, ಉಳಿಯುವುದು 2.54. ಭಾರದ್ದರಿಂದ ಹುಟ್ಟುವುದು 75.82, ಉಳಿಯುವುದು 1.82. ಆರು ಡಾಲರ್ ಅಗ್ಗವಾಗಿದ್ದೂ ಭಾರದ ಕ್ರೂಡು 72 ಸೆಂಟು ಹಿಂದೆ ಬಿತ್ತು.

ಆ ಕಪ್ಪು ಎಣ್ಣೆಯನ್ನು ಸುಮಾರು 500 ಡಿಗ್ರಿಗೆ ಕಾಯಿಸಿ, ದೊಡ್ಡ ಡ್ರಮ್ಮಿನಲ್ಲಿ ಒಡೆದು, ಡೀಸೆಲು-ನಾಫ್ತಾ ಮಾಡಿ ಕಲ್ಲಿದ್ದಲಿನಂಥ ಪೆಟ್‌ಕೋಕ್ ಉಳಿಸುವ ಘಟಕವೇ ಕೋಕರ್. ಖರ್ಚೆಲ್ಲ ಕಳೆದು ತಳದ ಎಣ್ಣೆಯ ಬೆಲೆ ಅಲ್ಲಿ 62ರಿಂದ 76ಕ್ಕೆ ಏರುತ್ತದೆ ಎಂದಿಟ್ಟುಕೊಂಡರೆ, ಹಗುರ ಕ್ರೂಡಿನ ಲಾಭ 5.62ಕ್ಕೆ ಏರುತ್ತದೆ, ಭಾರದ್ದು 7.70ಕ್ಕೆ. ತಳ ಹೆಚ್ಚಿರುವವನಿಗೆ ಕೋಕರಿನ ಉಪಕಾರವೂ ಹೆಚ್ಚು. ಅಲ್ಲಿಗೆ ತೀರ್ಪು ತಲೆಕೆಳಗಾಯಿತು: ಅದೇ ಭಾರದ ಕ್ರೂಡು ಈಗ 2.08 ಡಾಲರ್ ಮುಂದೆ. ಕ್ರೂಡು ಬದಲಾಗಲಿಲ್ಲ, ಮಾರುಕಟ್ಟೆ ಬದಲಾಗಲಿಲ್ಲ. ಬೀಜ ಇಡೀ ಬರುವ ಕಾರ್ಖಾನೆ ಯಾವುದು ಎಂಬುದಷ್ಟೇ ಬದಲಾಯಿತು.

ನಿಜವಾದ ರಿಫೈನರಿಯಲ್ಲಿ ಹೀಗೆ ಎರಡೇ ಕ್ರೂಡು, ನಾಲ್ಕೇ ಉತ್ಪನ್ನ ಇರುವುದಿಲ್ಲ. ಮೂವತ್ತು ನಲವತ್ತು ಕ್ರೂಡುಗಳ ಜಾತಕ ಎದುರಿಗಿರುತ್ತದೆ, ಹತ್ತಾರು ಘಟಕಗಳು, ಪ್ರತಿಯೊಂದಕ್ಕೂ ಒಂದು ಮಿತಿ. ಅದಕ್ಕೇ ಎಲ್ಲ ಮಿತಿಗಳೊಳಗೆ ಅತಿ ಹೆಚ್ಚು ಲಾಭದ ದಾರಿ ಹುಡುಕುವ ಗಣಿತ, ಲೀನಿಯರ್ ಪ್ರೋಗ್ರಾಮಿಂಗ್, ನಮ್ಮ ಬಾಯಲ್ಲಿ ಎಲ್‌ಪಿ. ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಅದನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದರು. ಐದೇ ವರ್ಷದಲ್ಲಿ, 1952ರಲ್ಲಿ, ಚಾರ್ನ್ಸ್, ಕೂಪರ್ ಮತ್ತು ಮೆಲ್ಲನ್ ಎಂಬ ಮೂವರು ವಿಮಾನದ ಪೆಟ್ರೋಲು ಬೆರೆಸುವ ಲೆಕ್ಕಕ್ಕೆ ಅದನ್ನು ಬಳಸಿ ಪ್ರಬಂಧ ಬರೆದರು. ಈ ಗಣಿತ ಕಾರ್ಖಾನೆಯ ಹೊಸ್ತಿಲು ದಾಟಿದ ಮೊದಲ ಸಂದರ್ಭಗಳಲ್ಲಿ ತೈಲದ್ದೂ ಒಂದು ಎಂಬುದು ನನಗೆ ಇಂದಿಗೂ ಹೆಮ್ಮೆ.

ಈ ಲೆಕ್ಕದ ಕಂಪ್ಯೂಟರ್ ಮಾಡೆಲ್ ಓಡಿಸಿದಾಗ ಎಲ್ಲರೂ ಮೊದಲು ನೋಡುವುದು ಒಟ್ಟು ಲಾಭ. ನಾನು ಮೊದಲು ನೋಡುತ್ತಿದ್ದುದು ಶ್ಯಾಡೋ ಪ್ರೈಸ್, ಅಂದರೆ ನೆರಳು ಬೆಲೆಗಳ ಪಟ್ಟಿ. ಕೋಕರಿನಲ್ಲಿ ಇನ್ನೊಂದು ಬ್ಯಾರಲ್ಲಿಗೆ ಜಾಗ ಸಿಕ್ಕರೆ ಲಾಭ ಎಷ್ಟು ಹೆಚ್ಚುತ್ತದೆ? ಗಂಧಕದ ಘಟಕದಲ್ಲಿ ಇನ್ನೊಂದು ಟನ್ನಿಗೆ ಜಾಗ ಸಿಕ್ಕರೆ? ಜಾಗ ಖಾಲಿ ಇರುವ ಘಟಕದ ನೆರಳು ಬೆಲೆ ಸೊನ್ನೆ. ತುಂಬಿಹೋದ ಘಟಕದ್ದು ಒಮ್ಮೆಗೇ ಮೇಲೇಳುತ್ತದೆ. ಸ್ಥಾವರಕ್ಕೆ ಎಲ್ಲಿ ಉಸಿರು ಕಟ್ಟುತ್ತಿದೆ ಎಂದು ಆ ಪಟ್ಟಿ ಹೇಳುತ್ತದೆ. ಒಂದೇ ಕ್ರೂಡಿನ ಮೊದಲ ಹಡಗಿಗೂ ಎರಡನೆಯ ಹಡಗಿಗೂ ಒಂದೇ ಬೆಲೆ ಅಲ್ಲ ಎಂಬುದನ್ನು ಹೊಸಬರಿಗೆ ಅರ್ಥ ಮಾಡಿಸಲು ನಾನು ಎಷ್ಟೋ ಸಂಜೆ ಕಳೆದಿದ್ದೇನೆ. ಮೊದಲ ಹಡಗು ಖಾಲಿ ಜಾಗಕ್ಕೆ ಬರುತ್ತದೆ. ಎರಡನೆಯದು ತುಂಬಿದ ಮನೆಗೆ ಬರುವ ನೆಂಟ.

ಆದರೆ ಎಲ್‌ಪಿಗೆ ಕಾಣದ್ದೂ ಬಹಳ ಇದೆ. ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ಒಂದು ತುಂಬಾ ಹಗುರ ಕ್ರೂಡನ್ನು ಭಾರದ ಕ್ರೂಡಿನ ಜೊತೆ ಬೆರೆಸಿ ಓಡಿಸುವ ಸಲಹೆ ನನ್ನದೇ ಆಗಿತ್ತು. ಬ್ಯಾರಲ್ಲಿಗೆ 40 ಸೆಂಟು ಲಾಭ ತೋರಿಸಿತ್ತು ಮಾಡೆಲ್. ಬೇರೆ ಬೇರೆಯಾಗಿ ಎರಡೂ ಒಳ್ಳೆಯವೇ. ಭಾರದ ಕ್ರೂಡಿನಲ್ಲಿ ಆಸ್ಫಾಲ್ಟೀನ್ ಎಂಬ ದೊಡ್ಡ ಅಣುಗಳು ಉಳಿದ ಎಣ್ಣೆಯ ಆಸರೆಯಲ್ಲಿ ತೇಲಿಕೊಂಡಿರುತ್ತವೆ. ಪ್ಯಾರಾಫಿನ್ ತುಂಬಿದ ಹಗುರ ಎಣ್ಣೆ ಬಂದು ಸೇರಿದರೆ ಆ ಆಸರೆ ತಪ್ಪಿ ತಳಕ್ಕೆ ಕೂರುತ್ತವೆ, ಹಾಲಿಗೆ ಹುಳಿ ಬಿದ್ದಂತೆ. ಕ್ರೂಡನ್ನು ಬಿಸಿ ಮಾಡುವ ಎಕ್ಸ್‌ಚೇಂಜರುಗಳ ಕೊಳವೆಗಳಲ್ಲಿ ಅದು ಹಿಡಿಯಿತು. ಫರ್ನೇಸಿಗೆ ಹೋಗುವ ಎಣ್ಣೆಯ ಬಿಸಿ ದಿನದಿಂದ ದಿನಕ್ಕೆ ಇಳಿಯಿತು. ಫರ್ನೇಸಿಗೆ ಎಟುಕದೆ ಕೊನೆಗೆ ಒಟ್ಟು ಉತ್ಪಾದನೆಯನ್ನೇ ಇಳಿಸಿ ವಾರಗಟ್ಟಲೆ ಓಡಿಸಬೇಕಾಯಿತು. ಎಕ್ಸ್‌ಚೇಂಜರ್ ಬಿಚ್ಚಿದ ದಿನ ಆಪರೇಷನ್ಸಿನ ಹಿರಿಯರೊಬ್ಬರು ನನ್ನನ್ನು ಕರೆದುಕೊಂಡು ಹೋದರು. ಡಾಂಬರಿಗಿಂತ ಗಟ್ಟಿಯಾದ ಕಪ್ಪು ಪದರವನ್ನು ಬೆರಳಿನಿಂದ ಮುಟ್ಟಿಸಿ, "ಇದೇ ನಿಮ್ಮ 40 ಸೆಂಟು" ಅಂದರು. ದನಿ ಎತ್ತಲಿಲ್ಲ. ಆ ಮೇಲೆ ಹೊಸ ಜೋಡಿ ಬೆರೆಸುವ ಮೊದಲು ಫಿಲ್ಟರ್ ಪೇಪರಿನ ಮೇಲೆ ಮಿಶ್ರಣದ ಒಂದು ಹನಿ ಬಿಟ್ಟು, ನಡುವೆ ಕಪ್ಪು ಉಂಗುರ ಕಟ್ಟುತ್ತದೆಯೇ ಎಂದು ನೋಡದೆ ನಾನು ಯಾವ ಪ್ಲಾನಿಗೂ ಸಹಿ ಹಾಕಿಲ್ಲ.

ಆಮ್ಲದ ಕಥೆ ಇನ್ನೊಂದು. ಒಂದು ಗ್ರಾಂ ಎಣ್ಣೆಯ ಆಮ್ಲ ಕಳೆಯಲು ಎಷ್ಟು ಮಿಲಿಗ್ರಾಂ ಕ್ಷಾರ ಬೇಕು ಎಂಬ ಅಂಕಿ 0.5 ದಾಟಿದರೆ ನಾವು ಎಚ್ಚರಾಗುತ್ತೇವೆ. ಚಾಡ್ ದೇಶದ ಡೋಬಾ ಕ್ರೂಡಿನಲ್ಲಿ ಅದು 4 ದಾಟುತ್ತದೆ. ಗಂಧಕ ಕಡಿಮೆ, ಬೆಲೆಯೂ ಕಡಿಮೆ, ಆದರೆ 220 ಡಿಗ್ರಿ ದಾಟಿದ ಮೇಲೆ ಆ ಆಮ್ಲ ಸಾಧಾರಣ ಉಕ್ಕನ್ನು ತಿನ್ನತೊಡಗುತ್ತದೆ. ಮಾಲಿಬ್ಡಿನಂ ಇರುವ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಹಾಕಿಸಿಕೊಂಡವರು ಆ ಅಗ್ಗದ ಮಾಲನ್ನು ಧೈರ್ಯವಾಗಿ ಕೊಳ್ಳುತ್ತಾರೆ. ಉಳಿದವರು ಬೇರೆ ಕ್ರೂಡಿನಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ ಮುಗಿಸಬೇಕು.

ನಮ್ಮದೇ ದೇಶದ ರಾಜಸ್ಥಾನದ ಮಂಗಳಾ ಕ್ರೂಡನ್ನು ನೋಡಿ. ಬಾಡಮೇರ್ ಜಿಲ್ಲೆಯಲ್ಲಿ 2004ರಲ್ಲಿ ಸಿಕ್ಕಿತು, 2009ರ ಆಗಸ್ಟಿನಲ್ಲಿ ಉತ್ಪಾದನೆ ಶುರುವಾಯಿತು. ಗಂಧಕ ಬಹಳ ಕಡಿಮೆ. ಆದರೆ ಮೇಣ ತುಂಬಿದೆ, 40 ಡಿಗ್ರಿ ಬಿಸಿಯಲ್ಲೂ ಹೆಪ್ಪುಗಟ್ಟುತ್ತದೆ, ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ. ಅದನ್ನು ಗುಜರಾತಿನ ಕರಾವಳಿಗೆ ತರಲು ಉದ್ದಕ್ಕೂ ಬಿಸಿ ಮಾಡುವ ಪೈಪ್‌ಲೈನನ್ನೇ ಹಾಕಬೇಕಾಯಿತು. ಸ್ವೀಟ್ ಮಾಲಾಗಿದ್ದೂ ನೈಜೀರಿಯಾದ ಬಾನಿ ಲೈಟಿಗಿಂತ ಕಡಿಮೆ ಬೆಲೆಗೆ ಅದು ಮಾರಾಟವಾದದ್ದು ಈ ಮೇಣದ ದೆಸೆಯಿಂದ. ಬಿಸಿ ಟ್ಯಾಂಕು, ಬಿಸಿ ಪೈಪು ಇರುವವರಿಗೆ ಆ ರಿಯಾಯಿತಿ ಲಾಭ, ಇಲ್ಲದವರಿಗೆ ಅದು ಖರ್ಚಿನ ಇನ್ನೊಂದು ಹೆಸರು.

ಕಾಲದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಲ್ಲಿಯಿಂದ ನಮ್ಮ ತೀರಕ್ಕೆ ನಾಲ್ಕೈದು ದಿನ, ಪಶ್ಚಿಮ ಆಫ್ರಿಕಾದಿಂದ ಮೂರು ವಾರದ ಮೇಲೆ, ಅಮೆರಿಕದಿಂದ ಒಂದೂವರೆ ತಿಂಗಳ ಆಸುಪಾಸು. ಸೌದಿಯವರು ತಿಂಗಳ ಮೊದಲ ವಾರದ ಹೊತ್ತಿಗೆ ಮುಂದಿನ ತಿಂಗಳ ಬೆಲೆ ಹೇಳುತ್ತಾರೆ, ಏಷ್ಯಾದವರಿಗೆ ಒಮಾನ್-ದುಬೈ ಸರಾಸರಿಯ ಮೇಲೆ ಇಷ್ಟು, ಕೆಳಗೆ ಇಷ್ಟು ಅಂತ. ಕ್ರೂಡಿನ ಬೆಲೆ ಹಡಗು ತುಂಬಿದ ತಿಂಗಳಿನದು, ಡೀಸೆಲಿನ ಬೆಲೆ ಅದು ನಮ್ಮ ಗೇಟು ದಾಟುವ ದಿನದ್ದು. 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿದ ಕ್ರೂಡು ಡಿಸೆಂಬರ್ ಹೊತ್ತಿಗೆ 40ಕ್ಕಿಂತ ಕೆಳಗಿತ್ತು. ಆ ಆರು ತಿಂಗಳು ದೂರದ ಹಡಗು ಅಂದರೆ ಎಲ್ಲರಿಗೂ ಎದೆ ಝಲ್ ಅನ್ನುತ್ತಿತ್ತು.

2020ರ ಏಪ್ರಿಲ್ ಅದಕ್ಕಿಂತ ವಿಚಿತ್ರ. 20ನೇ ತಾರೀಕು ಅಮೆರಿಕದ ಕ್ರೂಡಿನ ಫ್ಯೂಚರ್ಸ್ ಬೆಲೆ, ಅಂದರೆ ಮುಂದೆ ಕೊಡುವ ಮಾಲಿಗೆ ಇಂದೇ ಕಟ್ಟುವ ಬೆಲೆ, ಸೊನ್ನೆಗಿಂತ 37.63 ಡಾಲರ್ ಕೆಳಗೆ ಹೋಯಿತು. ಮನೆಯಿಂದ ಕೆಲಸ ಮಾಡುತ್ತಿದ್ದ ನನಗೆ ಊರಿನ ಬಂಧುಗಳೆಲ್ಲ ಫೋನು ಮಾಡಿ, "ದುಡ್ಡು ಕೊಟ್ಟು ಎಣ್ಣೆ ಕೊಡ್ತಾರಂತಲ್ಲ, ತಂದುಬಿಡಿ" ಎಂದರು. ತಂದು ಇಡುವುದೆಲ್ಲಿ? ಆ ತಿಂಗಳುಗಳಲ್ಲಿ ಮಂಗಳೂರು ಬಳಿಯ ಪೆರ್ಮುದೆ, ಪಾದೂರು, ವಿಶಾಖಪಟ್ಟಣಗಳ ನೆಲದಡಿಯ ಗುಹೆಗಳನ್ನು ಸರ್ಕಾರ ತುಂಬಿಸಿಕೊಂಡಿತು, ಬ್ಯಾರಲ್ಲಿಗೆ ಸರಾಸರಿ 19 ಡಾಲರಿನಲ್ಲಿ. ಉಡುಪಿ ಜಿಲ್ಲೆಯ ಪಾದೂರೊಂದರಲ್ಲೇ 25 ಲಕ್ಷ ಟನ್ ಹಿಡಿಯುತ್ತದೆ. ದೇಶದ ತುರ್ತಿಗೆಂದು ಕಾದಿಡುವ ಲೆಕ್ಕ ಅದು. ನಮ್ಮಂಥವರಿಗೆ ಟ್ಯಾಂಕು ಆಗಲೇ ತುಂಬಿತ್ತು, ವಿಮಾನಗಳು ನೆಲಕ್ಕಿಳಿದಿದ್ದವು. ಆವರೆಗೆ ವಿಮಾನದ ಇಂಧನ ಹೆಚ್ಚು ಕೊಡುತ್ತದೆ ಎಂದು ನಾವು ಮೆಚ್ಚಿ ತರುತ್ತಿದ್ದ ಕ್ರೂಡು ಅದೇ ಕಾರಣಕ್ಕೆ ಬೇಡವಾಯಿತು. ಆ ಸೀಮೆಎಣ್ಣೆಯನ್ನು ಡೀಸೆಲಿಗೆ ಎಷ್ಟು ಬೆರೆಸಬಹುದು, ಬೆರೆಸಿದ ಡೀಸೆಲ್ ಹೊತ್ತಿಕೊಳ್ಳುವ ಉಷ್ಣತೆ ನಿಯಮಕ್ಕಿಂತ ಕೆಳಗಿಳಿಯದೆ ಹೇಗೆ ಕಾಯಬಹುದು ಎಂದು ನಾವು ದಿನಕ್ಕೆ ನಾಲ್ಕು ಸಲ ಮಾಡೆಲ್ ಓಡಿಸಿದೆವು.

2022ರ ನಂತರ ಮದುವೆ ಮನೆಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ರಷ್ಯಾದ್ದು. ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ನೂರಕ್ಕೆ ಎರಡೂ ಇರದಿದ್ದ ರಷ್ಯಾದ ಪಾಲು 2023ರಲ್ಲಿ ಮೂರನೇ ಒಂದನ್ನು ದಾಟಿತು. ರಿಯಾಯಿತಿಯೇ ಕಾರಣ, ನಿಜ. ಆದರೆ ರಷ್ಯಾದಿಂದ ಬರುವ ಯುರಲ್ಸ್ ಮಧ್ಯಮ ತೂಕದ ಸಾವರ್ ಕ್ರೂಡು, ಡೀಸೆಲು ಚೆನ್ನಾಗಿ ಬರುತ್ತದೆ. ಮೊದಲಿಂದಲೂ ಕೊಲ್ಲಿಯ ಸಾವರ್ ಮಾಲಿಗೆ ಕಟ್ಟಿದ ನಮ್ಮ ರಿಫೈನರಿಗಳಿಗೆ ಅದು ಒಗ್ಗಿತು. ಒಗ್ಗದ ಕ್ರೂಡಾಗಿದ್ದರೆ ಆ ರಿಯಾಯಿತಿಯನ್ನು ಕೊಳವೆಗಳೇ ನುಂಗುತ್ತಿದ್ದವು.

ಶುಕ್ರವಾರಕ್ಕೆ ವಾಪಸ್ ಬರುತ್ತೇನೆ. ನಮ್ಮಲ್ಲಿ ಕೋಕರ್ ಇತ್ತು. ಭಾರದ ಕ್ರೂಡು 2.08 ಮುಂದೆ ಇದ್ದ ಮೇಲೆ 10 ಲಕ್ಷ ಬ್ಯಾರಲ್ಲಿಗೆ 20.8 ಲಕ್ಷ ಡಾಲರ್ ಲಾಭ ಬರಬೇಕಿತ್ತು. ಹುಡುಗನೂ ಅದನ್ನೇ ಹೇಳಿದ. ನಾನು ನಿರ್ವಹಣೆಯವರ ಕ್ಯಾಲೆಂಡರ್ ತೆರೆದೆ. ಆ ಹಡಗು ಬರುವ ತಿಂಗಳಲ್ಲಿ ಕೋಕರಿನ ಒಂದು ಫರ್ನೇಸನ್ನು 12 ದಿನ ನಿಲ್ಲಿಸಿ, ಟ್ಯೂಬಿನೊಳಗೆ ಹಿಡಿದ ಕೋಕ್ ತೆಗೆಯುವ ಕೆಲಸ ನಿಗದಿಯಾಗಿತ್ತು. ಉಳಿದ ಜಾಗದಲ್ಲಿ ಹಗುರ ಕ್ರೂಡಿನ ಬದಲಿಗೆ ಭಾರದ್ದನ್ನು 2 ಲಕ್ಷ ಬ್ಯಾರಲ್ ಮಾತ್ರ ತಳ್ಳಬಹುದಿತ್ತು. ಮಿಕ್ಕ 8 ಲಕ್ಷದ ಹೆಚ್ಚುವರಿ ತಳದ ಎಣ್ಣೆ ಫ್ಯುಯಲ್ ಆಯಿಲ್ ಆಗಿ 62ಕ್ಕೇ ಹೋಗಬೇಕು, ಅಂದರೆ ಬ್ಯಾರಲ್ಲಿಗೆ ಮತ್ತೆ 72 ಸೆಂಟು ನಷ್ಟ. 2 ಲಕ್ಷಕ್ಕೆ 4.16 ಲಕ್ಷ ಡಾಲರ್ ಲಾಭ, 8 ಲಕ್ಷಕ್ಕೆ 5.76 ಲಕ್ಷ ನಷ್ಟ. ಕೂಡಿ ಕಳೆದರೆ 1.6 ಲಕ್ಷ ಡಾಲರ್ ಕೈಬಿಡುತ್ತದೆ.

ಅರ್ಧ ಕಾರ್ಗೋ ಕೊಡುತ್ತಾರಾ ಕೇಳಿಸಿದೆ. ಆಗುವುದಿಲ್ಲ ಅಂದರು. ತಿಂಗಳು ಮುಂದೂಡುತ್ತಾರಾ? ಇಲ್ಲ. ತಂದು ಇಟ್ಟುಕೊಳ್ಳೋಣವೆಂದರೆ ಭಾರದ ಕ್ರೂಡಿಗೆಂದು ಇದ್ದ ಎರಡು ಟ್ಯಾಂಕುಗಳಲ್ಲಿ ಒಂದು ತಪಾಸಣೆಗೆ ಬಿಚ್ಚಿ ಕೂತಿತ್ತು. ಸಮಸಮ ಆಗುವ ಬೆಲೆ 73.84. ಮೂರೂವರೆಗೆ ನಾನು ಬರೆದುಕೊಟ್ಟದ್ದು 73.75.

"ಮೇಡಂ, 9 ಸೆಂಟು ಯಾಕೆ ಇನ್ನೂ ಕೆಳಗೆ?" ಎಂದ ಹುಡುಗ.

"ಅಸ್ಸೇಯಲ್ಲಿ ಬರೆದ ಮಾಲೇ ಹಡಗಿನಲ್ಲಿ ಬಂದದ್ದನ್ನು ನಾನು ನೋಡಿದ್ದು ಕಡಿಮೆ" ಎಂದೆ. ಅವನನ್ನು ಕೂರಿಸಿಕೊಂಡು ಇಡೀ ಲೆಕ್ಕ ಇನ್ನೊಮ್ಮೆ ಮಾಡಿ ತೋರಿಸಿದೆ. ಕೋಕರಿನ ಸಾಲಿಗೆ ಬಂದಾಗ ಅವನೇ ಪೆನ್ನು ತೆಗೆದುಕೊಂಡು ಮುಂದಿನದನ್ನು ಬರೆದ.

ಐದು ಗಂಟೆಗೆ ಉತ್ತರ ಬಂತು. ಬೇರೆ ರಿಫೈನರಿಯೊಂದು ಪೂರಾ 74 ಕೊಟ್ಟು ತೆಗೆದುಕೊಂಡಿತ್ತು. ಅವರ ಕೋಕರ್ ಹೊಸದು, ದೊಡ್ಡದು, ಆ ತಿಂಗಳು ಖಾಲಿಯೂ ಇತ್ತಂತೆ. ನಮ್ಮಂಥದೇ ಲೆಕ್ಕವಾದರೆ ಅವರು 76ರವರೆಗೂ ಹೋಗಬಹುದಿತ್ತು.

ರಾತ್ರಿ ಅಪ್ಪನಿಗೆ ಫೋನು ಮಾಡಿದಾಗ ಹೇಳಿದೆ, ಒಂದು ಮಾಲು ಕೈತಪ್ಪಿತು ಅಂತ. ಅವರಿಗೆ ಆಗ ಎಂಬತ್ತೊಂದು. ಬ್ಯಾರಲ್ಲು, ಡಾಲರು ಏನೂ ಕೇಳಲಿಲ್ಲ.

"ಅವರಲ್ಲಿ ಇಡೀ ಬರ್ತದಾ?"

"ಬರ್ತದೆ ಅಪ್ಪ."

"ಹಾಗಾದ್ರೆ ಅವರು ತಕ್ಕೊಂಡದ್ದು ಸರಿ. ನೀನು ಊರಿಗೆ ಯಾವಾಗ ಬರುದು?"